ಬಕನ ಬಂಡಿಗೆ ಸಾರಥಿ ಯಾರು?

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರವೆಂದು ಆ ಸೀಮೆಯ ಜನರು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಅಲ್ಲಿನ ಭೀಮೇಶ್ವರನ ಗುಡಿಯನ್ನೂ ಊರ ಬದಿಯ ಬೆಟ್ಟವನ್ನೂ ಬಕಾಸುರನ ಕಥೆಯೊಡನೆ ಸೇರಿಸಿ ಹೇಳುವುದು ವಾಡಿಕೆ. ಕಥೆ ವಾಚಕರಿಗೆ ತಿಳಿಯದುದೇನಲ್ಲ. ಸರದಿ ಬಂದ ಮನೆಯವರು ಒಂದು ಬಂಡಿ ಅನ್ನವನ್ನೂ, ಅದನ್ನೆಳೆಯುವ ಎರಡು ಕೋಣಗಳನ್ನೂ, ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯನನ್ನೂ ಬಕನಿಗೆ ಒಪ್ಪಿಸಬೇಕು. ಬಡ ಬ್ರಾಹ್ಮಣನೊಬ್ಬನ ಮನೆಯ ಸರದಿ ಬಂದಾಗ, ಆ ಮನೆಯಲ್ಲಿ ಆಶ್ರಯ ಪಡೆದಿದ್ದ ಕುಂತಿಯು ತನ್ನ ಮಗ ಭೀಮನನ್ನು ಕಳುಹಿಸಿದಳು. ಭೀಮನು ಬಂಡಿಯ ಅನ್ನವನ್ನು ತಾನೇ ಉಂಡು, ಬಕನನ್ನು ಕೊಂದು, ಹಿಂದಿರುಗಿದನು.

ಈ ಕಥೆಯಿಂದ ಭೀಮನೊಬ್ಬನನ್ನು ತೆಗೆದುಬಿಟ್ಟರೆ ಏನಾದೀತು? ಪ್ರಶ್ನೆ ಚೇಷ್ಟೆಯದೆಂದು ತೋರಬಹುದು. ಆದರೆ ಇಂತಹ ಪ್ರಶ್ನೆಗಳಿಂದಲೇ ಹುಟ್ಟುವ ಒಂದು ಬಗೆಯ ಆಟವಿದೆ. ಅದನ್ನು ಆಡಲು ಒಂದು ಮೇಜು, ಕಾಗದ, ಸೀಸದಕಡ್ಡಿ, ಒಂದೆರಡು ದಾಳಗಳು ಇದ್ದರೆ ಸಾಕು. ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ಊರುಗಳಿಂದ ನಾಲ್ವರು ಸ್ನೇಹಿತರು ಬಂದು ಮೇಜಿನ ಸುತ್ತ ಕುಳಿತಿದ್ದಾರೆಂದು ಭಾವಿಸೋಣ. ಚಿಕ್ಕಬಳ್ಳಾಪುರದವನು ಏಕಚಕ್ರಪುರದ ತಳವಾರ. ಗೌರಿಬಿದನೂರಿನವನು ಊರಿನ ಶಾನುಭೋಗ. ಶಿಡ್ಲಘಟ್ಟದಾಕೆ ಬಂಡಿಯ ಅನ್ನವನ್ನು ಬೇಯಿಸಿಕೊಡುವ ಅಡಿಗೆಯವಳು. ಚಿಂತಾಮಣಿಯವನು ಬಂಡಿ ಹೊಡೆಯುವವನು. ಅವರವರ ಪಾತ್ರವು ಏನು ಮಾಡುತ್ತದೆ, ಏನು ಆಡುತ್ತದೆ ಎಂಬುದನ್ನು ಅವರವರೇ ಹೇಳಬೇಕು. ಐದನೆಯವನೊಬ್ಬನಿದ್ದಾನೆ. ಊರು, ಬೆಟ್ಟ, ಮಳೆ, ಗಾಳಿ, ಬಕ ಎಲ್ಲವೂ ಅವನ ವಶದಲ್ಲಿವೆ. ಪಾತ್ರಗಳ ಕಣ್ಣಿಗೆ ಬೀಳುವುದೇನು, ಕಿವಿಗೆ ಕೇಳುವುದೇನು ಎಂಬುದನ್ನು ಅವನು ತಿಳಿಸುತ್ತಾನೆ. ಮಾಡಹೊರಟ ಕೆಲಸ ಕೈಗೂಡುವುದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಎಸೆಯಬೇಕು. ಈ ಐದನೆಯವನನ್ನು ಇಂಗ್ಲಿಷ್ ಬಲ್ಲವರು ಗೇಮ್ ಮಾಸ್ಟರ್ ಎನ್ನುವರು. ನಾವು ಸೂತ್ರಧಾರನೆಂದು ಕರೆಯೋಣ, ಆಟವನ್ನು ಪಾತ್ರದಾಟವೆನ್ನೋಣ.

ನಮ್ಮ ಸೂತ್ರಧಾರನು ಒಂದು ವಾರ ಶ್ರಮಪಟ್ಟು ಬೆಟ್ಟದ ನಕ್ಷೆ ಬರೆದಿದ್ದಾನೆ. ಗವಿಯ ಬಾಗಿಲಲ್ಲಿ ನಡೆಯಬೇಕಾದ ಹೋರಾಟವನ್ನು ಲೆಕ್ಕ ಹಾಕಿಟ್ಟುಕೊಂಡಿದ್ದಾನೆ. ಆಟ ಆರಂಭವಾದೊಡನೆಯೇ ಅಡಿಗೆಯವಳು, “ನಾನು ಅನ್ನಕ್ಕೆ ಉಮ್ಮತ್ತದ ಬೀಜ ಅರೆದು ಹಾಕುತ್ತೇನೆ. ಅವನು ಉಂಡು ನಿದ್ದೆಹೋಗಲಿ” ಎನ್ನುತ್ತಾಳೆ. ಶಾನುಭೋಗನು, “ತಾಳಿ, ತಾಯಿ. ಊರಿಗೂ ಬಕನಿಗೂ ಒಂದು ಕರಾರು ಆಗಿರಲೇಬೇಕಲ್ಲವೆ? ಅದನ್ನು ಬರೆದವರು ನಮ್ಮ ತಾತನವರೇ ಇದ್ದಾರು. ನಾನು ಕಡತ ತೆಗೆಯುತ್ತೇನೆ” ಎನ್ನುತ್ತಾನೆ. ಸೂತ್ರಧಾರನ ಪುಸ್ತಕದಲ್ಲಿ ಉಮ್ಮತ್ತವೂ ಇಲ್ಲ, ಕಡತವೂ ಇಲ್ಲ. ಅವನು ಏನು ಮಾಡಬೇಕು? ಬೇಡವೆಂದರೆ ಆಟಗಾರರ ಬುದ್ಧಿಗೆ ಬೀಗ ಹಾಕಿದಂತಾಯಿತು. ಕೇಳಿದ್ದಕ್ಕೆಲ್ಲ ಹೂಂಗುಟ್ಟಿದರೆ ಬಕನಿಗೆ ಭಯಪಡುವವರೇ ಉಳಿಯುವುದಿಲ್ಲ.

ಈ ತೊಡಕು ಇಂದಿನದಲ್ಲ. ೧೮೨೪ರಲ್ಲಿ ಪ್ರಷ್ಯದ ಸೈನ್ಯದ ಲೆಫ್ಟಿನೆಂಟ್ ರೈಸ್‌ವಿಟ್ಸ್ ಎಂಬಾತನು ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವೊಂದನ್ನು ತಿದ್ದಿ, ಅದರ ನಿಯಮಗಳನ್ನು ಅಚ್ಚುಮಾಡಿಸಿದನು. ಇದು ಚದುರಂಗದಂತಲ್ಲ. ಎರಡು ಪಕ್ಷದ ಸೇನಾಧಿಕಾರಿಗಳು ತಮ್ಮ ಆಜ್ಞೆಗಳನ್ನು ಕಾಗದದಲ್ಲಿ ಬರೆದು ಮಧ್ಯಸ್ಥನಿಗೆ ಕೊಡುತ್ತಿದ್ದರು. ನಕ್ಷೆಯ ಮೇಲೆ ಸೈನ್ಯದ ತುಣುಕುಗಳನ್ನು ನಡೆಸುತ್ತಿದ್ದವನು ಮಧ್ಯಸ್ಥನೇ. ನಿಜವಾದ ರಣರಂಗದಲ್ಲಿ ಒಬ್ಬ ದಳಪತಿಗೆ ಎಷ್ಟು ಕಂಡೀತೋ ಅಷ್ಟನ್ನು ಮಾತ್ರ ಅವನು ಎರಡೂ ಪಕ್ಷದವರಿಗೆ ತೋರಿಸುತ್ತಿದ್ದನು. ಗುಂಡಿನ ಪರಿಣಾಮವನ್ನು ದಾಳ ಎಸೆದು ಕೋಷ್ಟಕ ನೋಡಿ ನಿರ್ಣಯಿಸಬೇಕಾಗಿತ್ತು. ಆದರೆ ನಿಯಮಗಳು ಬೆಳೆದಂತೆ ಆಟ ನಿಧಾನವಾಯಿತು. ಕೋಷ್ಟಕದಲ್ಲಿ ಇಲ್ಲದ ಉಪಾಯವನ್ನು ಯಾರಾದರೂ ಹೂಡಿದರೆ ಮಧ್ಯಸ್ಥನು ದಿಕ್ಕುಗೆಡುತ್ತಿದ್ದನು. ೧೮೭೬ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿ, ಕೋಷ್ಟಕಗಳನ್ನೂ ದಾಳಗಳನ್ನೂ ಬದಿಗಿಟ್ಟು ಅನುಭವಶಾಲಿಯಾದ ಮಧ್ಯಸ್ಥನ ವಿವೇಕಕ್ಕೇ ಎಲ್ಲವನ್ನೂ ಬಿಡಬೇಕೆಂದು ವಾದಿಸಿದನು. ಇದರಿಂದ ಆಟ ಚುರುಕಾಯಿತು, ನಿಜ. ಆದರೆ ಮಧ್ಯಸ್ಥನಿಗೆ ಒಬ್ಬರ ಮೇಲೆ ಒಲವಿದ್ದರೆ, ಅಥವಾ ಅವನ ತಿಳಿವಳಿಕೆಯೇ ಹಳತಾಗಿದ್ದರೆ, ಸೋತವನು ಯಾರಲ್ಲಿ ದೂರಬೇಕು? ಒಂದು ಕಡೆ ಗ್ರಂಥದ ಆಳ್ವಿಕೆ, ಇನ್ನೊಂದು ಕಡೆ ಒಬ್ಬ ಮನುಷ್ಯನ ಆಳ್ವಿಕೆ. ಆ ಎರಡು ಪಕ್ಷಗಳ ವಾದ ಪಾತ್ರದಾಟದ ಮೇಜುಗಳಲ್ಲಿ ಇಂದಿಗೂ ನಿಂತಿಲ್ಲ.

ಯುದ್ಧದಾಟವು ಪಾತ್ರದಾಟವಾದುದು ಅಮೆರಿಕದಲ್ಲಿ. ೧೯೬೯ರಲ್ಲಿ ಡೇವಿಡ್ ವೆಸ್ಲಿ ಎಂಬಾತನು ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರಿನಲ್ಲಿ ನಡೆಯುವ ಆಟವೊಂದನ್ನು ಹೂಡಿ, ಸೈನ್ಯಗಳ ಜೊತೆಗೆ ಊರಿನ ಪ್ರಮುಖರ ಪಾತ್ರಗಳನ್ನೂ ಆಟಗಾರರಿಗೆ ಹಂಚಿದನು. ಅವರು ಅವನ ಯೋಜನೆಯನ್ನು ಕೈಬಿಟ್ಟು, ಮೂಲೆ ಮೂಲೆಗಳಲ್ಲಿ ತಮ್ಮ ತಮ್ಮೊಳಗೇ ಸಂಚು ಹೂಡತೊಡಗಿದರು. ಆಟ ಹಿಡಿತ ತಪ್ಪಿತು, ಪ್ರಯೋಗ ಕೆಟ್ಟಿತೆಂದು ವೆಸ್ಲಿ ನಿರಾಶನಾದನು. ಆಟಗಾರರಾದರೋ ಅಂಥದೇ ಇನ್ನೊಂದು ಆಟ ಬೇಕೆಂದು ಕೇಳಿದರು! ಅವರಲ್ಲೊಬ್ಬನಾದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್‌ನೊಡನೆ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ೧೯೭೪ರಲ್ಲಿ ಹೊರತಂದನು. ಮೊದಲು ಅಚ್ಚಾದದ್ದು ಒಂದು ಸಾವಿರ ಪ್ರತಿಗಳು. ಇಂದು ಲೋಕದ ನಾನಾ ಕಡೆಗಳಲ್ಲಿ ಆಡುವ ಪಾತ್ರದಾಟಗಳಿಗೆಲ್ಲ ಅದೇ ಮೂಲವೆನ್ನಬಹುದು.

ಹಿಡಿತ ತಪ್ಪುವುದೆಂಬ ಭಯದಿಂದ ಸೂತ್ರಧಾರರು ಹಿಡಿಯುವ ಒಂದು ಅಡ್ಡದಾರಿಯುಂಟು. ಆಟಗಾರರು ಅದಕ್ಕೆ ರೈಲುಹಳಿಯ ಹೆಸರನ್ನೇ ಇಟ್ಟಿದ್ದಾರೆ. ಹೆಸರು ಬಹಳ ಒಪ್ಪುತ್ತದೆ. ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಕೋಲಾರಕ್ಕೆ ಹೋಗುವ ಹಳಿಯನ್ನು ನೆನೆಯಿರಿ. ಆ ಗಾಡಿಯಲ್ಲಿ ಕುಳಿತವನು ಕಿಟಕಿಯಿಂದ ಯಾವ ಕಡೆ ನೋಡಿದರೂ, ಪಕ್ಕದವರೊಡನೆ ಏನು ಹರಟಿದರೂ, ಶಿಡ್ಲಘಟ್ಟವಾದ ಮೇಲೆ ಚಿಂತಾಮಣಿಯೇ ಬರುವುದು. ಗೌರಿಬಿದನೂರಿಗೆ ಹೋಗಬೇಕೆಂಬ ಮನಸ್ಸಾದರೆ ಆಗದು. ಆ ಊರು ಯಲಹಂಕದಿಂದ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದ ಕಡೆಗೆ ಹೋಗುವ ಬೇರೆ ಹಳಿಯ ಮೇಲಿದೆ. ರೈಲಿನಲ್ಲಿ ಇದು ದೋಷವಲ್ಲ, ಗುಣವೇ. ಚೀಟಿ ಕೊಂಡವನಿಗೆ ಹಳಿ ಎಲ್ಲಿಗೆ ಹೋಗುವುದೆಂದು ಮೊದಲೇ ಗೊತ್ತು. ಆಟದಲ್ಲಿಯಾದರೆ ಹಳಿಯನ್ನು ಹುಲ್ಲಿನಿಂದ ಮುಚ್ಚಿ, ಇದು ಬಯಲು, ಎಲ್ಲಿಗಾದರೂ ಹೋಗಿರೆಂದು ಹೇಳಿರುತ್ತಾರೆ. ತಳವಾರನು ಬೆಟ್ಟವನ್ನು ಪೂರ್ವದಿಂದ ಹತ್ತಿದರೂ ಪಶ್ಚಿಮದಿಂದ ಹತ್ತಿದರೂ ಅದೇ ಗವಿ, ಅದೇ ಹೊತ್ತು, ಅದೇ ಹೋರಾಟ.

ಇದರಿಂದ ಆಗುವ ನಷ್ಟವನ್ನು ಅಳೆಯಲೂ ಬಹುದು. ಮಾಹಿತಿಯನ್ನು ಸಂಖ್ಯೆಯಲ್ಲಿ ಅಳೆಯುವ ಕ್ರಮವನ್ನು ಕ್ಲಾಡ್ ಶಾನನ್ ೧೯೪೮ರಲ್ಲಿ ಪ್ರಕಟಿಸಿದನು. ಸಮಸಮನಾದ ಎರಡು ಸಾಧ್ಯತೆಗಳಲ್ಲಿ ಯಾವುದು ನಡೆಯಿತೆಂದು ತಿಳಿದರೆ ನಮಗೆ ದೊರೆಯುವುದು ಒಂದು ಬಿಟ್ ಮಾಹಿತಿ. ನಾಲ್ಕು ಸಾಧ್ಯತೆಗಳಾದರೆ ಎರಡು ಬಿಟ್. ಅಡಿಗೆಯವಳ ಮುಂದೆ ನಾಲ್ಕು ಉಪಾಯಗಳಿವೆ, ಅವು ನಾಲ್ಕು ಬೇರೆ ಬೇರೆ ಪರಿಣಾಮಗಳಿಗೆ ಒಯ್ಯುತ್ತವೆ ಎಂದಾದರೆ, ಅವಳು ಆರಿಸಿದುದೇನೆಂದು ತಿಳಿದವನಿಗೆ ಕಥೆಯ ಮುಂದಿನ ಗತಿಯ ವಿಷಯದಲ್ಲಿ ಎರಡು ಬಿಟ್ ಮಾಹಿತಿ ದೊರೆಯುವುದು. ನಾಲ್ಕೂ ಒಂದೇ ಕಡೆಗೆ ಒಯ್ಯುವುದಾದರೆ ದೊರೆಯುವುದು ಸೊನ್ನೆ. ಅವಳು ಎಷ್ಟೇ ಜಾಣತನದಿಂದ ಯೋಚಿಸಿರಲಿ, ಆ ಯೋಚನೆ ಕಥೆಯೊಳಕ್ಕೆ ಪ್ರವೇಶಿಸಲೇ ಇಲ್ಲ. ಆಟಗಾರರಿಗೆ ತಿಳಿಯದಿದ್ದರೆ ತೊಂದರೆಯೇನು ಎಂದು ಕೆಲವರು ಕೇಳುವರು. ತಿಳಿಯದೆ ಇರದೆಂಬುದೇ ನಮ್ಮ ಅಭಿಪ್ರಾಯ. ಎರಡು ಮೂರು ಸಲ ತಿಳಿಯದಿರಬಹುದು. ಆಮೇಲೆ ಅವರು ಯೋಚಿಸುವುದನ್ನೇ ಬಿಟ್ಟು, ಮುಂದೇನೆಂದು ಸೂತ್ರಧಾರನ ಮುಖ ನೋಡುತ್ತ ಕುಳಿತುಕೊಳ್ಳುತ್ತಾರೆ. ಆಗ ಅವನೇ, ಈ ಕಾಲದವರಲ್ಲಿ ಕಲ್ಪನೆಯೇ ಇಲ್ಲವೆಂದು ಗೊಣಗುವನು.

ಇಷ್ಟೆಂದ ಮಾತ್ರಕ್ಕೆ ಮೊದಲೇ ಗೊತ್ತಾದ ಅಂತ್ಯವಿರುವ ಆಟದಲ್ಲಿ ಕಲ್ಪನೆಗೆ ಎಡೆಯೇ ಇಲ್ಲವೆಂದು ತಿಳಿಯಬಾರದು. ನಮ್ಮ ಪಡುವಣ ಕರಾವಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ಬೆಳೆದು ಬಂದ ತಾಳಮದ್ದಳೆಯು ಇದಕ್ಕೆ ಒಳ್ಳೆಯ ನಿದರ್ಶನ. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದು ತಾಳಮದ್ದಳೆ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಅರ್ಥಧಾರಿಗಳು ಕುಳಿತಲ್ಲಿಯೇ, ಆಯಾ ಪಾತ್ರವಾಗಿ, ಆ ಪದ್ಯದ ಅರ್ಥವನ್ನು ಆಶುವಾಗಿ ಮಾತಿನಲ್ಲಿ ವಿಸ್ತರಿಸುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ. ವಾಲಿವಧೆಯ ಪ್ರಸಂಗದಲ್ಲಿ ವಾಲಿ ಸಾಯಲೇಬೇಕು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯ ಅರ್ಥಧಾರಿ ಎಂತಹ ಪ್ರಶ್ನೆಗಳಿಂದ ಕಟ್ಟಿಹಾಕುವನು, ರಾಮನ ಅರ್ಥಧಾರಿ ಅವನ್ನು ಹೇಗೆ ಬಿಡಿಸಿಕೊಳ್ಳುವನು ಎಂಬುದು ಆ ರಾತ್ರಿಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ (೧೯೧೮–೨೦೦೬) ಅರ್ಥವನ್ನು ಕೇಳಲು ಜನರು ರಾತ್ರಿಯೆಲ್ಲ ಎಚ್ಚರವಿರುತ್ತಿದ್ದುದು ವಾಲಿ ಬದುಕಿಯಾನೆಂಬ ಆಸೆಯಿಂದಲ್ಲ. ಪ್ರಾಣ ಕಳೆದುಕೊಳ್ಳುವವನು ವಾದದಲ್ಲಿ ಗೆಲ್ಲಬಹುದಾಗಿತ್ತು!

ಇಲ್ಲಿ ಭಾಗವತನ ಹಿಡಿತವನ್ನು ಗಮನಿಸಬೇಕು. ಅವನನ್ನು ‘ಮೊದಲನೆಯ ವೇಷ’ವೆಂದು ಕರೆಯುವ ವಾಡಿಕೆ ಸುಮ್ಮನೆ ಬಂದುದಲ್ಲ. ಎಷ್ಟು ಪದ್ಯಗಳನ್ನು ಹಾಡಬೇಕು, ಯಾವುದನ್ನು ಬಿಡಬೇಕು ಎಂಬುದು ಅವನ ನಿರ್ಣಯ. ಅರ್ಥ ಎಲ್ಲೆ ಮೀರಿ ಬೆಳೆದರೆ ಅವನು ಮುಂದಿನ ಪದ್ಯವನ್ನು ಎತ್ತುತ್ತಾನೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಆದರೆ ಅರ್ಥಧಾರಿಯ ಬಾಯಿಗೆ ಅವನು ಮಾತು ತುರುಕುವುದಿಲ್ಲ. ಒಳನಾಡಿನ ಮೂಡಲಪಾಯದ ಬಯಲಾಟದಲ್ಲಿಯೂ ಭಾಗವತನುಂಟು. ಅಲ್ಲಿಯೂ ಕಥೆಯ ನಡೆ ಅವನ ಹಾಡನ್ನೇ ಅನುಸರಿಸುತ್ತದೆ. ಏನು ನಡೆಯಿತೆಂಬುದು ಪ್ರಸಂಗಕ್ಕೆ ಸೇರಿದ್ದು, ಏಕೆ ನಡೆಯಿತೆಂಬುದು ಅರ್ಥಧಾರಿಗೆ ಸೇರಿದ್ದು, ಯಾವಾಗ ಸಾಕೆಂಬುದು ಭಾಗವತನಿಗೆ ಸೇರಿದ್ದು. ಈ ಹಂಚಿಕೆ ಕಲಾವಿದರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಹಾಗೆ ಗೊತ್ತಿರುವುದರಿಂದಲೇ ಹಳಿ ಇದ್ದರೂ ಅದು ಯಾರನ್ನೂ ವಂಚಿಸುವುದಿಲ್ಲ.

ಪಾತ್ರದಾಟದಲ್ಲಿ ಹಂಚಿಕೆ ಬೇರೆ. ಅಲ್ಲಿ ಅಂತ್ಯವು ಯಾರ ಸೊತ್ತೂ ಅಲ್ಲ. ಜಗತ್ತು ಹೇಗಿದೆ ಎಂಬುದು ಸೂತ್ರಧಾರನದು. ಅದರಲ್ಲಿ ಏನು ಮಾಡಬೇಕೆಂಬುದು ಆಟಗಾರರದು. ಆಟ ಕೆಡುವುದು ಹೆಚ್ಚಾಗಿ ಒಬ್ಬರು ಇನ್ನೊಬ್ಬರ ಪಾಲಿಗೆ ಕೈಹಾಕಿದಾಗ. ಸೂತ್ರಧಾರನಿಗೆ ಗುಟ್ಟುಗಳಿರಬಹುದು. ಬಕನಿಗೆ ಎಡಗಿವಿ ಕೇಳಿಸದೆಂದು ಅವನು ಮೊದಲೇ ಬರೆದಿಟ್ಟುಕೊಂಡಿದ್ದರೆ ಅದನ್ನು ಹೇಳಬೇಕಾದ್ದಿಲ್ಲ, ಆಟಗಾರರೇ ಕಂಡುಕೊಳ್ಳಲಿ. ಆದರೆ ತಳವಾರನು ಎಡಗಡೆಯಿಂದ ಸದ್ದಿಲ್ಲದೆ ಬಂದಾಗ, ಹೋರಾಟ ತಪ್ಪಿಹೋದೀತೆಂದು ಹೆದರಿ, ಕಿವುಡು ಬಲಗಿವಿಗೆಂದು ತಿದ್ದಿಕೊಂಡರೆ ಅದು ಗುಟ್ಟಲ್ಲ, ಮೋಸ. ನಿಸರ್ಗವೂ ನಮ್ಮಿಂದ ಎಷ್ಟೋ ವಿಷಯಗಳನ್ನು ಮುಚ್ಚಿಟ್ಟುಕೊಂಡಿದೆ. ಆದರೂ ಪ್ರಯೋಗದ ನಡುವೆ ಅದು ತನ್ನ ನಿಯಮವನ್ನು ಬದಲಿಸುವುದಿಲ್ಲ. ಅದರಿಂದಲೇ ವಿಜ್ಞಾನಿಗೆ ಪ್ರಯೋಗ ಮಾಡುವ ಧೈರ್ಯ.

ಈಗ ಅಡಿಗೆಯವಳ ಉಮ್ಮತ್ತಕ್ಕೆ ಬರೋಣ. ದತ್ತೂರಿಯೆಂದೂ ಕರೆಯುವ ಈ ಗಿಡ ಊರ ಹೊರಗಿನ ತಿಪ್ಪೆಗಳ ಬಳಿ ಎಲ್ಲರೂ ಕಂಡದ್ದೇ. ಇದರ ಬೀಜದಲ್ಲಿ ಆಟ್ರೊಪಿನ್, ಹಯೊಸಯಮಿನ್, ಸ್ಕೊಪಲಮಿನ್ ಎಂಬ ವಿಷಕ್ಷಾರಗಳಿವೆ. ನರಗಳಿಂದ ಅವಯವಗಳಿಗೆ ಸಂದೇಶವೊಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ಕೆಲಸಕ್ಕೆ ಇವು ಅಡ್ಡ ಬರುತ್ತವೆ. ತಿಂದವನ ಬಾಯಿ ಒಣಗುತ್ತದೆ, ನಾಡಿ ಓಡುತ್ತದೆ, ಕಣ್ಣಿನ ಪಾಪೆಗಳು ಅಗಲವಾಗಿ ತೆರೆದುಕೊಂಡು ಬೆಳಕನ್ನು ಸಹಿಸಲಾರದಾಗುತ್ತವೆ. ಬುದ್ಧಿ ಕೆಟ್ಟು, ಇಲ್ಲದ್ದು ಇದ್ದಂತೆ ಕಾಣುತ್ತದೆ. ಅಡಿಗೆಯವಳು ನಿರೀಕ್ಷಿಸಿದ ಸುಖನಿದ್ರೆ ಇದಲ್ಲ. ಸೂತ್ರಧಾರನು ಇಷ್ಟನ್ನು ತಿಳಿದವನಾಗಿದ್ದರೆ, ಬೇಡವೆನ್ನುವ ಅಗತ್ಯವೇ ಅವನಿಗೆ ಇಲ್ಲ. “ಹಾಕಿ. ಆದರೆ ಅದು ನಿದ್ದೆಯ ಮದ್ದಲ್ಲವೆಂಬುದು ಅಡಿಗೆಯವಳಾದ ನಿಮಗೆ ತಿಳಿದೇ ಇರುತ್ತದೆ” ಎಂದರೆ ಸಾಕು. ಕಣ್ಣು ಬೆಳಕನ್ನು ತಡೆಯದೆಂದು ಕೇಳಿದೊಡನೆ ತಳವಾರನು ಪಂಜುಗಳನ್ನು ಹುಡುಕತೊಡಗುತ್ತಾನೆ. ಜಗತ್ತು ತನ್ನ ಸ್ವಭಾವದಿಂದ ಒಡ್ಡಿದ ಅಡ್ಡಿಯು ಹೊಸದೊಂದು ಉಪಾಯಕ್ಕೆ ಜನ್ಮಕೊಟ್ಟಿತು. ಸೂತ್ರಧಾರನ ಹಠವು ಒಡ್ಡಿದ ಅಡ್ಡಿಗೆ ಈ ಗುಣವಿಲ್ಲ.

ಉಳಿದದ್ದು ದಾಳದ ಪಾಲು. ೨೦೧೦ರಲ್ಲಿ ಪ್ರಕಟವಾದ ‘ಅಪಾಕಲಿಪ್ಸ್ ವರ್ಲ್ಡ್’ ಎಂಬ ಅಮೆರಿಕದ ಆಟದಲ್ಲಿ ಒಂದು ಅಚ್ಚುಕಟ್ಟಾದ ಕ್ರಮವಿದೆ. ಆರು ಮುಖದ ಎರಡು ದಾಳಗಳನ್ನು ಎಸೆದು ಕೂಡಿಸಬೇಕು. ಹತ್ತು ಅಥವಾ ಹೆಚ್ಚು ಬಂದರೆ ಎಣಿಸಿದಂತೆ ಆಯಿತು. ಏಳರಿಂದ ಒಂಬತ್ತರವರೆಗೆ ಬಂದರೆ ಕೆಲಸ ಆಯಿತು, ಆದರೆ ಬೆಲೆ ತೆರಬೇಕು. ಆರು ಅಥವಾ ಕಡಿಮೆ ಬಂದರೆ ಸೂತ್ರಧಾರನು ಕಷ್ಟವೊಂದನ್ನು ತಂದೊಡ್ಡುವನು. ಎರಡು ದಾಳಗಳು ಬೀಳುವ ಬಗೆಗಳು ಒಟ್ಟು ೩೬. ಅವುಗಳಲ್ಲಿ ಆರರೊಳಗೆ ಬರುವ ಬಗೆಗಳು ೧೫, ಏಳರಿಂದ ಒಂಬತ್ತು ಬರುವವು ೧೫, ಹತ್ತು ಮತ್ತು ಮೇಲೆ ಬರುವವು ೬. ಅಂದರೆ ಪೂರ್ಣ ಜಯವು ಆರರಲ್ಲೊಂದು ಸಲ ಮಾತ್ರ. ಕೆಲಸದಲ್ಲಿ ಪಳಗಿದವರಿಗೆ ಒಂದನ್ನು ಕೂಡಿಸಿಕೊಳ್ಳಲು ಅವಕಾಶವಿದೆ. ಆಗ ಈ ಸಂಖ್ಯೆಗಳು ಕ್ರಮವಾಗಿ ೧೦, ೧೬, ೧೦ ಆಗುತ್ತವೆ. ನಡುವಣ ಪಾಲು ಹೆಚ್ಚುಕಡಮೆ ಹಾಗೆಯೇ ನಿಂತು, ಎರಡು ತುದಿಗಳು ಸಮನಾದುದನ್ನು ನೋಡಿ. ನುರಿತವರ ಕೆಲಸವೂ ಬಹುಪಾಲು ಬೆಲೆ ತೆತ್ತೇ ಆಗುವುದು.

ಈ ನಡುವಣ ಪಾಲಿನಲ್ಲಿಯೇ ಆಟದ ಸ್ವಾರಸ್ಯವಿರುವುದು. ಏಕೆಂದರೆ ಅಲ್ಲಿ ಆಟಗಾರನ ಕಲ್ಪನೆಯೂ ಸೂತ್ರಧಾರನ ಕಲ್ಪನೆಯೂ ಒಂದೇ ವಾಕ್ಯದಲ್ಲಿ ಸೇರುತ್ತವೆ. ಆದರೆ ಒಂದು ಷರತ್ತು: ಬೆಲೆಯೇನೆಂಬುದನ್ನು ಸಾಧ್ಯವಾದಷ್ಟು ಎಸೆಯುವ ಮೊದಲೇ ಹೇಳಬೇಕು. “ಹತ್ತು ಬಂದರೆ ಬಕನು ಗವಿಯಲ್ಲಿಯೇ ಕಂಗೆಟ್ಟು ಬೀಳುವನು. ಏಳು ಬಂದರೆ ಉಣ್ಣುವನು, ಬುದ್ಧಿಯೂ ಕೆಡುವುದು, ಆದರೆ ಗವಿಯಿಂದ ಹೊರಬಿದ್ದು ಊರ ಕಡೆ ಓಡುವನು. ಆರಾದರೆ ವಾಸನೆ ಹಿಡಿದು ಅನ್ನವನ್ನು ಮುಟ್ಟದೆ ಕೋಣಗಳಿಗೆ ಕೈಹಾಕುವನು. ಎಸೆಯುತ್ತೀರಾ?” ಹೀಗೆ ಕೇಳಿದ ಮೇಲೆ ಎಸೆಯುವುದೂ ಒಂದು ಆಯ್ಕೆಯಾಗುತ್ತದೆ. ಎಸೆದಾದ ಮೇಲೆ ಬೆಲೆ ಕಟ್ಟುವುದು ಸಂತೆಯಲ್ಲಿಯೂ ಸಲ್ಲದು.

ಶಾನುಭೋಗನ ಕಡತದ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಉಮ್ಮತ್ತವು ಜಗತ್ತಿನಲ್ಲಿ ಇರುವ ವಸ್ತು. ಕಡತವನ್ನಾದರೋ ಆಟಗಾರನೇ ಹುಟ್ಟಿಸಿದ್ದಾನೆ. ಅಂದರೆ ಸೂತ್ರಧಾರನ ಪಾಲಿಗೆ ಕೈಹಾಕಿದ್ದಾನೆ. ಕಟ್ಟುನಿಟ್ಟಿನವರು ಇಲ್ಲಿಯೇ ತಡೆಯುವರು. ನಮಗೆ ಅದು ಸರಿಯೆಂದು ತೋರುವುದಿಲ್ಲ. ಮಹಾಭಾರತವನ್ನು ತೆರೆದು ನೋಡಿದರೆ, ಆ ದೇಶದ ಅರಸ ದುರ್ಬಲನೆಂದೂ, ಬಕನು ತನ್ನ ಆಹಾರಕ್ಕೆ ಬದಲಾಗಿ ಊರನ್ನು ಶತ್ರುಗಳಿಂದ ಕಾಯುತ್ತಿದ್ದನೆಂದೂ ಬ್ರಾಹ್ಮಣನೇ ಕುಂತಿಗೆ ಹೇಳುತ್ತಾನೆ. ಶಾನುಭೋಗನ ಊಹೆ ಮೂಲಕಥೆಗೆ ಎಷ್ಟು ಹತ್ತಿರವಿದೆ! ಸೂತ್ರಧಾರನು ಹೀಗೆ ಮಾಡಬಹುದು: “ಕಡತ ಇದೆ. ಅದರ ಒಂದು ಕಲಮನ್ನು ನೀವು ಹೇಳಿ, ಇನ್ನೊಂದನ್ನು ನಾನು ಹೇಳುತ್ತೇನೆ.” ಶಾನುಭೋಗನು, ಶತ್ರುಗಳು ಬಂದಾಗ ಕಾಯದಿದ್ದರೆ ಕರಾರು ರದ್ದು ಎಂಬ ಕಲಮನ್ನು ಹೇಳಿಯಾನು. ಸೂತ್ರಧಾರನು, ಊರಿನವರ ಕೈಯಿಂದ ಬಕನು ಸತ್ತರೆ ಅವನ ಬಂಧುಗಳಿಗೆ ದಂಡ ತೆರಬೇಕೆಂಬ ಕಲಮನ್ನು ಸೇರಿಸಿಯಾನು. ಎರಡನ್ನೂ ಎಲ್ಲರ ಎದುರಿಗೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರೆದಾದ ಮೇಲೆ ಅದು ಶಾನುಭೋಗನದೂ ಅಲ್ಲ, ಸೂತ್ರಧಾರನದೂ ಅಲ್ಲ. ಬೆಟ್ಟದಂತೆಯೇ ಅದೂ ಅಲ್ಲಿರುವ ಸಂಗತಿ. ಮುಂದೆ ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಪಾಪ, ಒಂದು ವಾರ ಲೆಕ್ಕ ಹಾಕಿದ ಗವಿಯ ಹೋರಾಟವು ನಡೆಯದೆಯೇ ಹೋಗಬಹುದು. ಅದಕ್ಕೆ ಸೂತ್ರಧಾರನು ಮನಸ್ಸನ್ನು ಗಟ್ಟಿಮಾಡಿಕೊಳ್ಳಬೇಕು.

ಇಲ್ಲಿಯವರೆಗೆ ಸೂತ್ರಧಾರನ ಹಿಡಿತವನ್ನು ಆಟಗಾರರ ಸ್ವಾತಂತ್ರ್ಯಕ್ಕೆ ಎದುರಾದುದೆಂಬಂತೆ ನೋಡಿದೆವು. ವಾಚಕರು ಗಮನಿಸಿರಬಹುದು, ನಾಲ್ವರಲ್ಲಿ ಮೂವರದೇ ಮಾತಾಯಿತು. ಬಂಡಿ ಹೊಡೆಯುವವನು ಇನ್ನೂ ಬಾಯಿ ತೆರೆದಿಲ್ಲ. ಯಾವ ಮೇಜಿನಲ್ಲಿಯೂ ಹೀಗೆಯೇ. ಮಾತುಬಲ್ಲವರ ಕಲ್ಪನೆ ಹಬ್ಬಿದಷ್ಟೂ ಮೌನಿಯ ಕಲ್ಪನೆಗೆ ನೆಲವಿಲ್ಲದಾಗುತ್ತದೆ. ಚಿಂತಾಮಣಿಯ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಮೇಜಿನ ಮಾತೆಲ್ಲ ಗ್ರಂಥದ ಕನ್ನಡದಲ್ಲಿ ನಡೆದರೆ ಅಂಥವನೊಬ್ಬನು ಹಿಂಜರಿದಾನು. ಕೈವಾರದ ನಾರೇಯಣ ಯತಿಗಳು ಎರಡು ಭಾಷೆಗಳಲ್ಲಿಯೂ ಹಾಡಿರುವಾಗ, ಆಟದಲ್ಲಿ ಬಂಡಿ ಹೊಡೆಯುವವನು ತೆಲುಗು ಬೆರೆಸಿ ಮಾತನಾಡಿದರೆ ಯಾರಿಗೆ ಏನು ಕೊರತೆ? ಅರ್ಥ ಉದ್ದವಾದಾಗ ಪದ್ಯವೆತ್ತುವ ಭಾಗವತನ ಅಧಿಕಾರ ಇಲ್ಲಿ ಬೇಕು. ಸೂತ್ರಧಾರನು ಶಾನುಭೋಗನ ವಾದವನ್ನು ನಡುವೆ ತಡೆದು, ಬಂಡಿ ಹೊಡೆಯುವವನ ಕಡೆ ತಿರುಗಬೇಕು: “ಬೆಟ್ಟದ ಬುಡಕ್ಕೆ ಬಂದಿದ್ದೀರಿ. ವಾಸನೆಗೆ ಕೋಣಗಳು ನಿಂತುಬಿಟ್ಟಿವೆ. ನೊಗ ನಡುಗುತ್ತಿದೆ. ಬಂಡಿ ನಿಮ್ಮ ಕೈಯಲ್ಲಿದೆ, ಏನು ಮಾಡುತ್ತೀರಿ?”

ಪ್ರಶ್ನೆ ಹೀಗೆ ನೇರವಾಗಿರಬೇಕು, ಉತ್ತರಕ್ಕೆ ಕಾಯುವ ತಾಳ್ಮೆಯೂ ಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು, “ಕೋಣಗಳನ್ನು ಬಿಚ್ಚಿಬಿಡುತ್ತೇನೆ, ಅಣ್ಣಾ. ಕರಾರಿನಲ್ಲಿ ಅನ್ನ ಬರೆದಿದ್ದೀರಿ, ಮನುಷ್ಯನ ಮಾತೂ ಬಂತು. ಇವುಗಳ ಹೆಸರನ್ನು ಯಾರೂ ಹೇಳಲಿಲ್ಲವಲ್ಲ” ಎನ್ನುತ್ತಾನೆ. ಶಾನುಭೋಗನು ಪುಸ್ತಕವನ್ನು ಎಳೆದುಕೊಂಡು ನೋಡುತ್ತಾನೆ. ನಿಜ, ಹೇಳಿರಲಿಲ್ಲ. ಸೂತ್ರಧಾರನು ಎರಡು ದಾಳಗಳನ್ನು ಬಂಡಿ ಹೊಡೆಯುವವನ ಮುಂದೆ ಇಟ್ಟು, ಹತ್ತು ಬಂದರೆ ಏನು, ಏಳು ಬಂದರೆ ಏನು ಎಂದು ಹೇಳತೊಡಗುತ್ತಾನೆ.